ಚಿಯಾಂಗ್ ಮಾಯ್‌ನಲ್ಲಿ ಹೊಸ ಸ್ಕೂಟರ್ ನನ್ನ ಹೆಸರಿಗೆ ಆದದ್ದು ಹೀಗೆ

ಪೂರ್ತಿ ನಗದು ಕೊಡ್ತೀನಿ ಅಂದರೂ ಥಾಯ್ಲೆಂಡಿನ ಡೀಲರ್ ಗಾಡಿ ನನ್ನ ಹೆಸರಿಗೆ ನೋಂದಾಯಿಸಲು ಒಪ್ಪಲಿಲ್ಲ. ಪಾಸ್‌ಪೋರ್ಟ್, ವೀಸಾ ಎರಡೂ ಸರಿಯಿದ್ದವು. ಬೇಕಾಗಿದ್ದದ್ದು ವಿಳಾಸದ ದಾಖಲೆ. ವರ್ಕ್ ಪರ್ಮಿಟ್ ಇದ್ದವರಿಗೆ ಅದೇ ಸಾಕು. ನಾನು ಗಂಡನ ಕೆಲಸದ ಮೇಲೆ ಬಂದವಳು, ನನ್ನ ಹತ್ತಿರ ಅದಿಲ್ಲ. ಹಾಗಾಗಿ ಇಮಿಗ್ರೇಶನ್ ಕಚೇರಿಯಿಂದ ವಾಸದ ಪ್ರಮಾಣಪತ್ರ ತರಬೇಕು ಅಂದರು.

ಅಲ್ಲಿ ಹೋದರೆ 'ಟಿಎಂ 30 ರಸೀದಿ ಎಲ್ಲಿ?' ಅಂತ ಪ್ರಶ್ನೆ. ವಿದೇಶಿಯರು ಬಂದು ಉಳಿದ 24 ಗಂಟೆಯೊಳಗೆ ಮನೆ ಮಾಲೀಕರು ಇಮಿಗ್ರೇಶನ್‌ಗೆ ತಿಳಿಸಬೇಕು, ಅದರ ನಮೂನೆ ಇದು. ನಮ್ಮ ಮಾಲೀಕರು ಕೊಟ್ಟೇ ಇರಲಿಲ್ಲ. ಗಂಟು ಇದ್ದದ್ದು ಇಲ್ಲೇ, ಡೀಲರ್ ಹತ್ತಿರ ಅಲ್ಲ. ಬಾಡಿಗೆ ಕರಾರಿನ ಪ್ರತಿ ಹಿಡಿದು ಅವರನ್ನೇ ಜೊತೆಗೆ ಕರೆದುಕೊಂಡು ಹೋದೆ. ರಸೀದಿ ಸಿಕ್ಕಿತು, ಅದರ ಬಲದ ಮೇಲೆ ಪ್ರಮಾಣಪತ್ರವೂ ಆಯಿತು. ಆಮೇಲೆ ಭೂಸಾರಿಗೆ ಇಲಾಖೆಯ ಓಡಾಟವನ್ನೆಲ್ಲ ಡೀಲರೇ ನೋಡಿಕೊಂಡರು.

ಸಾಲದಲ್ಲಿ ಕೊಳ್ಳುವ ಆಲೋಚನೆ ಇದ್ದರೆ, ಸಾಮಾನ್ಯವಾಗಿ ಥಾಯ್ ಜಾಮೀನುದಾರರನ್ನು ಕೇಳುತ್ತಾರೆ. ಸ್ನೇಹಿತರ ಹೆಸರಲ್ಲಿ ಗಾಡಿ ತಗೊಳ್ಳಿ ಅನ್ನುವ ಸಲಹೆಯೂ ಬರುತ್ತದೆ; ನಾನಂತೂ ಒಪ್ಪಲಿಲ್ಲ, ನಾಳೆ ಮಾರಬೇಕಾದರೆ ಅವರ ಸಹಿಗೆ ಕಾಯಬೇಕು.

ಹಸಿರು ನೋಂದಣಿ ಪುಸ್ತಕ ಬಂದ ತಕ್ಷಣ ಪಾಸ್‌ಪೋರ್ಟ್ ಸಂಖ್ಯೆ ತಾಳೆ ನೋಡಿ. ವರ್ಷ 2567 ಅಂತಿದ್ದರೆ ಗಾಬರಿ ಬೇಡ, ಅದು ಬೌದ್ಧ ಶಕೆ, ನಮ್ಮ 2024. ಕಡ್ಡಾಯ ವಿಮೆ 'ಪೊ ರೊ ಬೊ' ಬರೀ ಜನರ ಗಾಯ, ಸಾವಿಗೆ. ಗಾಡಿ ಜಖಂ, ಕಳವಿಗೆ ಬೇರೆ ವಿಮೆ ಮಾಡಿಸಿಕೊಳ್ಳಬೇಕು.