ಸ್ಟ್ರೇಟ್ ರೇಜರ್: ರೂಢಿ ಇಲ್ಲದ ಕೈಗೆ ಕಲಿಸುವುದು ಹೇಗೆ

ಸ್ಟ್ರೇಟ್ ರೇಜರ್, ಅಂದರೆ ಹಿಡಿಯೊಳಗೆ ಮಡಚುವ ಉದ್ದ ಅಲಗಿನ ಕ್ಷೌರದ ಕತ್ತಿ, ಕಲಿಯಲು ಶುರು ಮಾಡಿದವರು ಬಲಗೆನ್ನೆಯನ್ನು ಹೇಗೋ ಚೆನ್ನಾಗಿ ಮುಗಿಸುತ್ತಾರೆ. ಎಡಗೆನ್ನೆಗೆ ಬಂದಾಗ ಕೈ ನಿಲ್ಲುತ್ತದೆ. ಬಲಗೈ ಮುಖ ದಾಟಿ ಆ ಕಡೆ ಹೋಗಬೇಕು, ಮುಂಗೈ ಕನ್ನಡಿಗೆ ಅಡ್ಡ ಬರುತ್ತದೆ, ಮಣಿಕಟ್ಟು ತಿರುಚಿಕೊಳ್ಳುತ್ತದೆ, ಅಲಗು ಎಷ್ಟು ವಾರೆಯಾಗಿ ಕೂತಿದೆ ಅಂತಲೇ ಕಾಣುವುದಿಲ್ಲ. ಎಡಗೈಯಲ್ಲಿ ಹಿಡಿದರೆ ಇದೆಲ್ಲ ತಪ್ಪುತ್ತದೆ. ಕೈ ಪಕ್ಕದಲ್ಲಿ ಉಳಿಯುತ್ತದೆ, ಕೆನ್ನೆ ಪೂರ್ತಿ ಕಾಣುತ್ತದೆ.

ನಾನು ಬಲಗೈ ರೂಢಿ ಇರುವವರಿಗೆ ಅಂತ ಬರೆಯುತ್ತಿದ್ದೇನೆ. ಎಡಚರು ಎಡ ಬಲ ಅದಲುಬದಲು ಮಾಡಿ ಓದಿಕೊಳ್ಳಿ. ಅಲಗು ಎರಡೂ ಕಡೆ ಒಂದೇ ಥರ ಇರುತ್ತದೆ, ಅದಕ್ಕೆ ಬೇರೆ ರೇಜರ್ ಬೇಕಿಲ್ಲ.

ಒಂದು ಮಾತು ಮೊದಲೇ ಹೇಳಬೇಕು. ಎಲ್ಲರೂ ಎಡಗೈಗೆ ರೇಜರ್ ಹಿಡಿಯಲು ಕಲಿಸುತ್ತಾರೆ, ಬಲಗೈಯನ್ನು ಮರೆತುಬಿಡುತ್ತಾರೆ. ಇಷ್ಟು ದಿನ ಚರ್ಮ ಎಳೆದು ಬಿಗಿ ಮಾಡುತ್ತಿದ್ದದ್ದು ಎಡಗೈ. ಈಗ ಆ ಕೆಲಸ ಬಲಗೈಗೆ ಬಂತು, ಅದಕ್ಕೂ ಅದು ಹೊಸದು. ನನಗೆ ಆದ ಗಾಯಗಳಲ್ಲಿ ಹೆಚ್ಚಿನವು ಎಡಗೈ ನಡುಗಿ ಆದದ್ದಲ್ಲ, ಬಲಗೈ ಚರ್ಮವನ್ನು ಸಡಿಲ ಬಿಟ್ಟಿದ್ದರಿಂದ ಆದದ್ದು. ಸಡಿಲ ಚರ್ಮ ಅಲಗಿನ ಮುಂದೆ ಮಡಿಕೆ ಆಗುತ್ತದೆ, ಅಲಗು ಆ ಮಡಿಕೆಯನ್ನೇ ಕತ್ತರಿಸುತ್ತದೆ. ಆದ್ದರಿಂದ ಕಲಿಯಬೇಕಾದದ್ದು ಎರಡು ಕೈಗಳು.

ರೇಜರ್ ಮುಟ್ಟುವ ಮೊದಲು ಒಂದು ವಾರ ಚಮಚದಲ್ಲಿ ಅಭ್ಯಾಸ ಮಾಡಿ. ಮುಖಕ್ಕೆ ನೊರೆ ಹಚ್ಚಿಕೊಳ್ಳಿ. ಎರಡು ಕೈಯಲ್ಲೂ ಒಂದೊಂದು ಚಮಚ ಹಿಡಿದು, ಹಿಡಿಯ ಅಂಚನ್ನು ಎರಡೂ ಕೆನ್ನೆಯ ಮೇಲಿಟ್ಟು, ಕಿವಿಯ ಮುಂದಿನಿಂದ ದವಡೆಯವರೆಗೆ ಎರಡನ್ನೂ ಒಟ್ಟಿಗೆ ಇಳಿಸಿ. ಎರಡು ಕೈಗಳು ಕನ್ನಡಿಯ ಪ್ರತಿಬಿಂಬದ ಹಾಗೆ ಒಟ್ಟಿಗೆ ಚಲಿಸುವುದು ಸುಲಭ. ಬಲಗೈಗೆ ಗೊತ್ತಿರುವುದನ್ನು ಎಡಗೈ ಜೊತೆಜೊತೆಗೇ ಹಿಡಿದುಕೊಳ್ಳುತ್ತದೆ. ನಾಲ್ಕೈದು ಸಲ ಆದ ಮೇಲೆ ಬಲಗೈ ನಿಲ್ಲಿಸಿ ಎಡಗೈ ಒಂದರಲ್ಲೇ ಮಾಡಿ. ನೊರೆ ಒಂದೇ ಸಮನೆ ಬಳಿದು ಬಂದರೆ ಸರಿ, ಪಟ್ಟೆಪಟ್ಟೆಯಾಗಿ ಉಳಿದರೆ ಚಮಚ ಓರೆಯಾಗಿದೆ ಅಂತ ಅರ್ಥ. ಇದು ಮಕ್ಕಳಾಟ ಅನ್ನಿಸಬಹುದು, ಆದರೆ ದಯವಿಟ್ಟು ಬಿಡಬೇಡಿ, ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆದದ್ದು ಇದೇ.

ಅಲಗು ಚೂಪಾಗಿರಬೇಕು. ಹೊಸ ಕೈಗೆ ಮೊಂಡು ಅಲಗು ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಮೊಂಡು ಅಲಗು ಕೂದಲನ್ನು ಕತ್ತರಿಸದೆ ಎಳೆಯುತ್ತದೆ, ಎಳೆದಾಗ ಕೈ ತಾನಾಗಿ ಒತ್ತುತ್ತದೆ, ಒತ್ತಿದರೆ ಗಾಯ. ಶೇವ್ ಮಾಡುವ ಮೊದಲು ಅಲಗನ್ನು ತೊಗಲಿನ ಪಟ್ಟಿಯ ಮೇಲೆ 30ರಿಂದ 50 ಸಲ ಆಚೆ ಈಚೆ ಉಜ್ಜಿ. ಅಲಗಿನ ಬೆನ್ನು, ಅಂದರೆ ದಪ್ಪ ಕಡೆ, ಮುಂದೆ ಹೋಗಬೇಕು, ಚೂಪಾದ ಬಾಯಿ ಹಿಂದೆ ಬರಬೇಕು, ಪಟ್ಟಿಯ ತುದಿಯಲ್ಲಿ ಬೆನ್ನಿನ ಮೇಲೆ ಹೊರಳಿಸಬೇಕು. ಇದನ್ನು ರೂಢಿಯ ಕೈಯಲ್ಲೇ ಮಾಡಿ. ಎಡಗೈಗೆ ಇದನ್ನೂ ಕಲಿಸಲು ಹೋದರೆ ಪಟ್ಟಿಯೂ ಹಾಳು, ಅಂಚೂ ಹಾಳು. ಅಲಗಿನ ತುದಿ ದುಂಡಗಿದ್ದರೆ ಒಳ್ಳೆಯದು, ಚೌಕ ತುದಿಯ ಮೂಲೆ ಕಿವಿಯ ಹತ್ತಿರ ಚುಚ್ಚುತ್ತದೆ. ಬ್ಲೇಡ್ ಬದಲಿಸುವ ಶಾವೆಟ್‌ನಲ್ಲಿ ಎಡಗೈಗೆ ಕಲಿಸಬೇಡಿ ಅಂತ ನನ್ನ ಸಲಹೆ. ಅದು ಹಗುರ, ಬ್ಲೇಡ್ ತುಂಬಾ ತೆಳು, ಸಣ್ಣ ತಪ್ಪನ್ನೂ ಬಿಡುವುದಿಲ್ಲ.

ಈಗ ಹಿಡಿತ. ಅಲಗು ಮುಗಿದ ಮೇಲೆ ಹಿಡಿಯ ಕಡೆಗೆ ಕಂಬಿಯಂಥ ಒಂದು ಭಾಗ ಇದೆಯಲ್ಲ, ಅದರ ಬೆನ್ನ ಮೇಲೆ ತೋರುಬೆರಳು, ನಡುಬೆರಳು, ಉಂಗುರಬೆರಳು. ಕೆಳಗಿನಿಂದ ಹೆಬ್ಬೆರಳು. ತುದಿಯಲ್ಲಿ ಬಾಗಿದ ಬಾಲದ ಮೇಲೆ ಕಿರುಬೆರಳು. ಹಿಡಿ ಉಂಗುರಬೆರಳಿಗೂ ಕಿರುಬೆರಳಿಗೂ ನಡುವೆ ಮೇಲಕ್ಕೆ ಎದ್ದು ನಿಲ್ಲುತ್ತದೆ. ಎಡಗೈ ಭಯಕ್ಕೆ ಬಿಗಿಯಾಗಿ ಹಿಡಿಯುತ್ತದೆ, ಉಗುರು ಬೆಳ್ಳಗಾಗುವಷ್ಟು. ಉಸಿರು ಬಿಟ್ಟು ಬೆರಳು ಸಡಿಲ ಮಾಡಿ, ಬೀಳದಷ್ಟು ಹಿಡಿತ ಸಾಕು. ಕೈ ಒಣಗಿರಲಿ, ಪಕ್ಕದಲ್ಲೇ ಒಂದು ಟವೆಲ್ ಇರಲಿ. ಒಂದು ಕೈಯಿಂದ ಇನ್ನೊಂದು ಕೈಗೆ ತೆರೆದ ರೇಜರನ್ನು ಗಾಳಿಯಲ್ಲಿ ದಾಟಿಸಬೇಡಿ. ಟವೆಲ್ ಮೇಲೆ ಇಡಿ, ಆಮೇಲೆ ಎತ್ತಿಕೊಳ್ಳಿ. ಜಾರಿದರೆ ಹಿಡಿಯಲು ಹೋಗಲೇಬೇಡಿ. ಕೈ ಹಿಂದೆ ತೆಗೆದು ಕಾಲು ಸರಿಸಿ. ಅಲಗು ಹಾಳಾದರೆ ಇನ್ನೊಂದು ಸಿಗುತ್ತದೆ.

ಮೊದಲ ದಿನ ಎಡಗೈಗೆ ಕೊಡಬೇಕಾದದ್ದು ಎಡಗೆನ್ನೆಯ ಚಪ್ಪಟೆ ಭಾಗ ಮಾತ್ರ, ಕಿವಿಯ ಮುಂದಿನಿಂದ ದವಡೆ ಮೂಳೆಗಿಂತ ಮೇಲಿನವರೆಗೆ. ಉಳಿದದ್ದೆಲ್ಲ ಎಂದಿನ ಹಾಗೆ ಬಲಗೈಯಲ್ಲಿ. ಬಿಸಿನೀರಲ್ಲಿ ಮುಖ ನೆನೆಸಿ ಬ್ರಷ್‌ನಿಂದ ದಪ್ಪ ನೊರೆ ಹಚ್ಚಿ. ಬಲಗೈಯನ್ನು ತಲೆಯ ಮೇಲಿಂದ ಆ ಕಡೆ ತಂದು, ಎಡಗಿವಿಗಿಂತ ಸ್ವಲ್ಪ ಮೇಲೆ ಒಣ ಬೆರಳಿಟ್ಟು ಚರ್ಮವನ್ನು ಮೇಲಕ್ಕೆ ಎಳೆಯಿರಿ. ಬೆರಳು ಜಾರಿದರೆ ಪಟಿಕದ ಕಲ್ಲನ್ನು ಬೆರಳಿಗೆ ಉಜ್ಜಿಕೊಳ್ಳಿ, ಹಿಡಿತ ಬರುತ್ತದೆ. ಎಳೆದಿದ್ದೀರಾ ಇಲ್ಲವಾ ಅಂತ ಪ್ರತಿ ಸಲ ನೋಡಿಕೊಳ್ಳಿ. ಎಡಗೈ ಮೇಲೆ ಗಮನ ಹೋದ ಕೂಡಲೇ ಬಲಗೈ ಸುಮ್ನೆ ಸಡಿಲ ಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಅಲಗನ್ನು ಮೊದಲು ಕೆನ್ನೆಗೆ ಚಪ್ಪಟೆಯಾಗಿ ತಾಗಿಸಿ, ಆಮೇಲೆ ಬೆನ್ನನ್ನು ಮೆಲ್ಲಗೆ ಎತ್ತಿ. ಸುಮಾರು 30 ಡಿಗ್ರಿ, ಅದಕ್ಕಿಂತ ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ. ಜಾಸ್ತಿ ಎತ್ತಿದರೆ ಕೆರೆಯುತ್ತದೆ, ತೀರಾ ಚಪ್ಪಟೆ ಇದ್ದರೆ ಕೂದಲು ಕಿತ್ತುಬರುತ್ತದೆ. ಕೂದಲು ಬೆಳೆದ ದಿಕ್ಕಿಗೇ ಎರಡು ಮೂರು ಸೆಂಟಿಮೀಟರ್ ಇಳಿಸಿ, ನಿಲ್ಲಿಸಿ, ಎತ್ತಿ. ರೇಜರಿನ ತೂಕವೇ ಕೆಲಸ ಮಾಡಲಿ. ಅಂಚು ಚರ್ಮಕ್ಕೆ ತಾಗಿರುವಾಗ ಅದು ತನ್ನ ಉದ್ದಕ್ಕೆ, ಅಂದರೆ ತುದಿಯ ಕಡೆಗೋ ಹಿಡಿಯ ಕಡೆಗೋ, ಜಾರಲೇಬಾರದು. ಚಾಕು ಹಣ್ಣನ್ನು ಸುಲಭವಾಗಿ ಕತ್ತರಿಸುವುದು ಹಾಗೆ ಜಾರಿದಾಗಲೇ. ಎಡಗೈ ಈ ತಪ್ಪನ್ನು ಮಾಡುವುದು ಇಳಿಸುವಾಗ ಅಲ್ಲ, ಅಲಗು ಇಡುವಾಗ ಮತ್ತು ಎತ್ತುವಾಗ. ಕಿವಿಯ ಪಕ್ಕ ನನಗೆ ಆದ ಗಾಯ ಹಾಗೇ ಆದದ್ದು. ಇಟ್ಟ ಮೇಲೆ ಜಾಗ ಸರಿ ಇಲ್ಲ ಅನ್ನಿಸಿತು, ಎತ್ತದೆ ಹಾಗೇ ಸರಿಸಿಬಿಟ್ಟೆ. ಜಾಗ ಸರಿ ಇಲ್ಲವಾದರೆ ಪೂರ್ತಿ ಎತ್ತಿ, ಮತ್ತೆ ಇಡಿ.

ಕೊಯ್ದುಕೊಂಡರೆ ತಣ್ಣೀರಲ್ಲಿ ತೊಳೆದು, ಶುದ್ಧ ಬಟ್ಟೆ ಒತ್ತಿ ಹಿಡಿದು, ಪಟಿಕ ಹಚ್ಚಿ. ಆ ದಿನದ ಉಳಿದ ಕೆಲಸ ಬಲಗೈ ಮುಗಿಸಲಿ. ಹೆದರಿದ ಕೈ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ತಡವಾಗಿ ಎದ್ದ ದಿನವೂ ಎಡಗೈಗೆ ರಜೆ ಕೊಡಿ.

ಹತ್ತು ಹದಿನೈದು ಶೇವ್ ಆದ ಮೇಲೆ ಕೆನ್ನೆ ಸಲೀಸಾಗುತ್ತದೆ. ಆಗ ದವಡೆ ಮೂಳೆಗೆ ಬನ್ನಿ. ತಲೆಯನ್ನು ಬಲಕ್ಕೆ ವಾಲಿಸಿ, ದವಡೆಯ ಕೆಳಗಿನ ಚರ್ಮ ಕೆನ್ನೆಯ ಮೇಲೆ ಬರುವಷ್ಟು ಮೇಲಕ್ಕೆ ಎಳೆಯಿರಿ. ಮೂಳೆಯ ಅಂಚಿನ ಮೇಲೆ ಅಲಗು ಓಡಿಸುವ ಬದಲು ಚರ್ಮವನ್ನೇ ಚಪ್ಪಟೆ ಜಾಗಕ್ಕೆ ತಂದಂತೆ ಆಗುತ್ತದೆ. ಕುತ್ತಿಗೆ ಅದರ ನಂತರ. ಕುತ್ತಿಗೆಯಲ್ಲಿ ಕೂದಲಿನ ದಿಕ್ಕು ಎರಡೂ ಬದಿ ಒಂದೇ ಇರಬೇಕು ಅಂತಿಲ್ಲ, ಹಲವರಿಗೆ ಅಡ್ಡ ಬೆಳೆಯುತ್ತದೆ, ಒಂದು ಕಡೆ ಸುಳಿಯೂ ಇರುತ್ತದೆ. ಎರಡು ದಿನದ ಗಡ್ಡ ಇರುವಾಗ ಬೆರಳಾಡಿಸಿ ನೋಡಿ, ಒರಟಾಗಿ ತಡೆದ ಕಡೆ ಎದುರು ದಿಕ್ಕು.

ಎರಡನೇ ಸುತ್ತಿನಲ್ಲಿ ಕೂದಲಿಗೆ ಎದುರಾಗಿ ಹೋಗುವುದು ಎಡಗೈಗೆ ತಿಂಗಳುಗಟ್ಟಲೆ ಬೇಡ. ಗದ್ದ ಮತ್ತು ಮೇಲ್ದುಟಿಯೂ ಅಷ್ಟೇ. ಅಲ್ಲಿ ಕೂದಲು ದಪ್ಪ, ಜಾಗ ಗುಂಡಗೆ, ಬಲಗೈ ಮುಖ ದಾಟುವ ತೊಂದರೆಯೂ ಇಲ್ಲ. ನಾನು ಈಗಲೂ ಗದ್ದವನ್ನು ಬಲಗೈಯಲ್ಲೇ ಮಾಡುತ್ತೇನೆ, ಬದಲಿಸಬೇಕು ಅನ್ನಿಸಿಲ್ಲ. ಮೇಲ್ದುಟಿಯ ಎಡ ಅರ್ಧ ಮಾತ್ರ ಎಡಗೈಗೆ ಬಿಟ್ಟಿದ್ದೇನೆ: ತುಟಿಯನ್ನು ಹಲ್ಲಿನ ಮೇಲೆ ಬಿಗಿಯಾಗಿ ಕೆಳಗೆಳೆದು, ಬಲಗೈಯಿಂದ ಮೂಗಿನ ತುದಿ ಎತ್ತಿ, ಒಂದೊಂದು ಸೆಂಟಿಮೀಟರ್ ಕೂಡ ಮೀರದ ಪುಟ್ಟ ಎಳೆತಗಳಲ್ಲಿ.