ಬೀಗದ ಕೈ ಕಳೆದಿದೆಯೇ? ಹಳೇ ಮೇಜಿನ ಡ್ರಾ ಒಡೆಯದೆ ತೆಗೆಯಿರಿ

ಮೂಡಿಗೆರೆ ಹತ್ತಿರದ ತೋಟದ ಮನೆಯಲ್ಲಿ ನಮ್ಮ ದೊಡ್ಡಪ್ಪ ಲೆಕ್ಕ ಬರೆಯುತ್ತಿದ್ದ ಬೀಟೆ ಮೇಜಿದೆ. ಬಲಗಡೆ ಒಂದರ ಕೆಳಗೊಂದು ಮೂರು ಡ್ರಾ. ದೊಡ್ಡಪ್ಪ ತೀರಿಕೊಂಡ ಮೇಲೆ ನಡುವಿನ ಡ್ರಾದ ಬೀಗದ ಕೈ ಎಷ್ಟು ಹುಡುಕಿದರೂ ಸಿಗಲಿಲ್ಲ. ಅಣ್ಣ ಉಳಿ, ಸುತ್ತಿಗೆ ತಂದ. ದೊಡ್ಡಮ್ಮ ಅಡ್ಡ ನಿಂತರು. "ಬೇಡ ಕಣೋ ಮಗಾ, ಅದಕ್ಕೆ ಏಟು ಹಾಕ್ಬೇಡ" ಅಂದರು.

ಅವರು ತಡೆದದ್ದೇ ಸರಿ. ಬೀಗ ಕೆಟ್ಟರೆ ಪೇಟೆಯಲ್ಲಿ ಇನ್ನೊಂದು ಸಿಗುತ್ತದೆ. ಡ್ರಾದ ಮುಖದ ಹಲಗೆ ಸೀಳಿದರೆ ಅಂಥ ಬೀಟೆ ಎಲ್ಲಿಂದ ತರುವುದು? ನಿಮ್ಮ ಮನೆಯಲ್ಲೂ ಇಂಥ ಡ್ರಾ ಇದ್ದರೆ ಈ ಕ್ರಮದಲ್ಲಿ ಹೋಗಿ.

ಬೀಗ ಬಿದ್ದಿದೆಯೋ, ಮರ ಕಚ್ಚಿದೆಯೋ?

ಮೊದಲು ಇದನ್ನೇ ನೋಡಬೇಕು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ. ಉದ್ದಕ್ಕೆ ಉಬ್ಬುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಮಾತ್ರ ಜಾಸ್ತಿ. ಡ್ರಾದ ಮುಖದ ಹಲಗೆಯನ್ನು ಅಡ್ಡಲಾಗಿ ಕೂರಿಸಿರುತ್ತಾರಲ್ವಾ? ಹಾಗಾಗಿ ಅದು ಮೇಲೆ ಕೆಳಗೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಬೀಗ ಹಾಕಿರುವುದೇ ಇಲ್ಲ, ಆದರೂ ಡ್ರಾ ಬರುವುದಿಲ್ಲ.

ಗೊತ್ತುಮಾಡುವುದು ಸುಲಭ. ಹಿಡಿಕೆ ಹಿಡಿದು ಮೆಲ್ಲಗೆ ಎಳೆಯಿರಿ. ಕೂದಲೆಳೆಯಷ್ಟು ಮುಂದೆ ಬಂದು 'ಟಕ್' ಅಂತ ನಿಂತರೆ ಬೀಗ ಬಿದ್ದಿದೆ. ಅಲುಗಾಡದೆ ಕೂತಿದ್ದರೆ ಮರ ಕಚ್ಚಿರಬಹುದು. ಖಾತ್ರಿ ಬೇಕಾದರೆ ಹಳೇ ಎಕ್ಸ್‌ರೇ ಹಾಳೆಯ ತುಂಡೊಂದನ್ನು ಡ್ರಾದ ಮೇಲಿನ ಸಂದಿಗೆ ತೂರಿಸಿ, ಈ ತುದಿಯಿಂದ ಆ ತುದಿಗೆ ಸರಿಸಿ. ನಡುವೆ, ಬೀಗದ ತೂತಿನ ನೇರಕ್ಕೆ ಮಾತ್ರ ತಡೆದರೆ ಅದು ಬೀಗದ ನಾಲಿಗೆ. ಬೀಗದೊಳಗಿಂದ ಮೇಲೆದ್ದು, ಮೇಲಿನ ಅಡ್ಡಪಟ್ಟಿಯ ಗೂಡಿಗೆ ಹೊಕ್ಕಿರುತ್ತದೆ. ಎಲ್ಲ ಕಡೆ ಬಿಗಿಯಾಗಿದ್ದರೆ ಮರದ್ದೇ ತೊಂದರೆ.

ಮರ ಕಚ್ಚಿದ್ದರೆ ಕಾಯುವುದೇ ಮದ್ದು. ಕಾಫಿ ಕೊಯ್ಲಿನ ಹೊತ್ತಿಗೆ ಗಾಳಿ ಒಣಗಿದಾಗ ಎಷ್ಟೋ ಡ್ರಾಗಳು ತಾವಾಗಿಯೇ ಸಡಿಲವಾಗುತ್ತವೆ. ಬೇಗ ಆಗಲಿ ಅಂತ ಮೇಜನ್ನು ಬಿಸಿಲಿಗೆ ಇಡಬೇಡಿ, ಹಲಗೆ ಬಿರುಕು ಬಿಡುತ್ತದೆ. ಎಳೆಯುವಾಗ ಎರಡೂ ಹಿಡಿಕೆ ಒಟ್ಟಿಗೆ ಎಳೆಯಿರಿ. ಒಂದೇ ಕಡೆ ಎಳೆದರೆ ಡ್ರಾ ಓರೆಯಾಗಿ ಇನ್ನಷ್ಟು ಕಚ್ಚುತ್ತದೆ.

ಮನೆಯ ಗೊಂಚಲು ತನ್ನಿ

ಬೀಗ ಬಿದ್ದಿದೆ ಅಂತಾದರೆ ಮನೆಯಲ್ಲಿರುವ ಹಳೇ ಬೀಗದ ಕೈಗಳನ್ನೆಲ್ಲ ಗುಡ್ಡೆ ಹಾಕಿ. ಹಳೇ ಡ್ರಾ ಬೀಗಗಳು ಬಹಳ ಸರಳ. ಬೀರುವಿನ ಕೈಯೋ ಪೆಟ್ಟಿಗೆಯ ಕೈಯೋ ಇದಕ್ಕೂ ಹೊಂದಿಬಿಡಬಹುದು. ಟಾರ್ಚ್ ಬಿಟ್ಟು ತೂತಿನೊಳಗೆ ನೋಡಿ. ನಡುವೆ ಸಣ್ಣ ಕಡ್ಡಿ ನಿಂತಿದ್ದರೆ ತುದಿಯಲ್ಲಿ ಕೊಳವೆಯಂತೆ ತೂತಿರುವ ಕೈ ಬೇಕು. ಕಡ್ಡಿ ಇಲ್ಲದಿದ್ದರೆ ಗಟ್ಟಿ ಕೈ. ಬೀಗದ ಕೈಗೆ ಪೆನ್ಸಿಲ್ ಸೀಸದ ಪುಡಿ ಸವರಿ ತಿರುಗಿಸಿ. ತಿರುಗದಿದ್ದರೆ ಬಿಟ್ಟುಬಿಡಿ. ಬಲ ಹಾಕಿದರೆ ಕೈ ಒಳಗೇ ಮುರಿಯುತ್ತದೆ, ಆಮೇಲೆ ಎರಡು ಕೆಲಸ.

ಮುಂದಿನಿಂದ ಬೇಡ, ಒಳಗಿನಿಂದ ಹೋಗಿ

ಯಾವ ಕೈಯೂ ಹೊಂದಲಿಲ್ಲವೇ? ಹಾಗಾದರೆ ಬೀಗವನ್ನು ಹಿಡಿದಿರುವುದು ಏನು ಅಂತ ಯೋಚಿಸಿ. ಮುಖದ ಹಲಗೆಯ ಒಳಮೈಗೆ ಹಾಕಿದ ಕೆಲವೇ ಸ್ಕ್ರೂ, ಅಷ್ಟೇ. ಅಲ್ಲಿಗೆ ಕೈ ಹೋದರೆ ಬೀಗ ಕಳಚಬಹುದು.

ನಾವು ಮೇಲಿನ ಡ್ರಾವನ್ನು ಪೂರ್ತಿ ಹೊರಗೆಳೆದೆವು. ನಡುವೆ ಹಲಗೆ ಇರಲಿಲ್ಲ, ಕೆಳಗಿನ ಡ್ರಾದ ಕಾಗದಗಳು ಕಾಣುತ್ತಿದ್ದವು. ಗಿಡ್ಡ ಸ್ಕ್ರೂಡ್ರೈವರ್ ಹಿಡಿದು ಕೈ ಇಳಿಬಿಟ್ಟೆ. ಸ್ಕ್ರೂ ತಲೆಯ ಗೀರಿನಲ್ಲಿ ಎಷ್ಟೋ ವರ್ಷದ ಕೊಳೆ ಗಟ್ಟಿಯಾಗಿ ಕೂತಿತ್ತು. ಮೊದಲು ದಬ್ಬಳದಿಂದ ಅದನ್ನು ಕೆರೆದೆ. ತುಕ್ಕು ಹಿಡಿದ ಒಂದು ಸ್ಕ್ರೂಗೆ ಹತ್ತಿಯಲ್ಲಿ ಅದ್ದಿ ಒಂದು ತೊಟ್ಟು ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಕಾದೆವು. ಬೆಳಿಗ್ಗೆ ಅದು ಕಿರ್ ಅಂತ ತಿರುಗಿತು. ಬೀಗ ಸಡಿಲವಾಯಿತು, ಡ್ರಾ ಬಂತು. ಹಲಗೆಯ ಮೇಲೆ ಒಂದು ಗೀರೂ ಬೀಳಲಿಲ್ಲ. ಒಳಗೆ, ಬೆಳೆಗಾರರ ಕಾಫಿಯನ್ನು ಕಾಫಿ ಮಂಡಳಿಯೇ ಒಟ್ಟುಮಾಡಿ ಮಾರುತ್ತಿದ್ದ 'ಪೂಲ್' ಕಾಲದ ರಸೀದಿಗಳು, ದೊಡ್ಡಪ್ಪನ ಉರುಟು ಅಕ್ಷರದ ಲೆಕ್ಕದ ಪುಸ್ತಕ. ದೊಡ್ಡಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ತುಂಬಾ ಹೊತ್ತು ಕೂತರು.

ಮೇಲೆ ಡ್ರಾ ಇಲ್ಲದಿದ್ದರೆ, ಇಲ್ಲವೇ ನಡುವೆ ಹಲಗೆ ಅಡ್ಡ ಇದ್ದರೆ, ಮೇಜನ್ನು ಗೋಡೆಯಿಂದ ಸರಿಸಿ ಹಿಂದೆ ನೋಡಿ. ಹಿಂದಿನ ಹಲಗೆ ತೆಳುವಾಗಿರುತ್ತದೆ, ಮೊಳೆಯಲ್ಲೋ ಸ್ಕ್ರೂವಿನಲ್ಲೋ ನಿಂತಿರುತ್ತದೆ. ಡ್ರಾದ ಹಿಂಬದಿ ಹಲಗೆ ಮುಂಬದಿಗಿಂತ ಗಿಡ್ಡವಾಗಿದ್ದರೆ ಅದರ ಮೇಲಿಂದ ಕೈ ತೂರಿಸಬಹುದು. ಡ್ರಾದ ತಳದ ಹಲಗೆ ಕೂಡ ಸಾಮಾನ್ಯವಾಗಿ ಪಕ್ಕದ ಹಲಗೆಗಳಲ್ಲಿ ಕೊರೆದ ಸಾಲಿನಲ್ಲಿ ಕೂತು, ಹಿಂದೆ ಒಂದೆರಡು ಮೊಳೆಯಲ್ಲಿ ನಿಂತಿರುತ್ತದೆ. ಮೊಳೆ ಕಿತ್ತರೆ ಹಿಂದಕ್ಕೆ ಜಾರಿ ಬರುತ್ತದೆ.

ಇದಾವುದೂ ಆಗದಿದ್ದರೆ ಬೀಗದ ಕೈ ಮಾಡುವವರನ್ನು ಮನೆಗೇ ಕರೆಸಿ. ಮೇಜು ನಿಮ್ಮದೇ ಅನ್ನುವುದು ಅವರಿಗೆ ಗೊತ್ತಾಗುವಂತೆ ಮನೆಯ ಹಿರಿಯರು ಎದುರಿಗಿರಲಿ.

ಒಂದು ಎಚ್ಚರ. ಹಳೇ ಮೇಜಿಗೆ ಅರಗಿನ ಪಾಲಿಶ್ ಇದ್ದರೆ ಸ್ಪಿರಿಟ್, ಸ್ಯಾನಿಟೈಸರ್ ತಾಗಿಸಬೇಡಿ, ಪಾಲಿಶ್ ಕರಗಿ ಬಿಳಿ ಕಲೆಯಾಗುತ್ತದೆ.

ತೆಗೆದ ಮೇಲೆ

ಡ್ರಾ ಜಾರುವ ಪಟ್ಟಿಗೆ ಮೇಣದ ಬತ್ತಿ ಉಜ್ಜಿ. ಬೀಗವನ್ನು ಸೀಮೆಎಣ್ಣೆಯಲ್ಲಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಒಣಗಿಸಿ. ಅದನ್ನೇ ಪೇಟೆಗೆ ಒಯ್ದರೆ ಒಳಗಿನ ಪಟ್ಟಿಗಳನ್ನು ನೋಡಿ ಹೊಸ ಕೈ ಮಾಡಿಕೊಡುತ್ತಾರೆ. ಸ್ಕ್ರೂಗಳನ್ನು ಡಬ್ಬಿಯಲ್ಲಿಟ್ಟು ಅವನ್ನೇ ಮತ್ತೆ ಹಾಕಿ.

ನಾವು ಎರಡು ಕೈ ಮಾಡಿಸಿದೆವು. ಒಂದು ದೇವರ ಮನೆಯ ಗೂಟದಲ್ಲಿದೆ. ಇನ್ನೊಂದು ದೊಡ್ಡಮ್ಮನ ಸೊಂಟದ ಗೊಂಚಲಿನಲ್ಲಿ.