ಪುಟ್ಟ ಬೆರಳಸನ್ನೆಗಳನ್ನು ಚಿತ್ರದಲ್ಲಿ ತೋರಿಸುವುದು ಹೇಗೆ?

ಕೋಲಾರದ ಟೊಮೆಟೊ ಮಂಡಿಯಲ್ಲಿ ಒಂದು ಕೈಯಲ್ಲಿ ಲೆಕ್ಕದ ಪುಸ್ತಕ ಹಿಡಿದು ನಿಂತವರು, ವಾಚ್ ಕಟ್ಟಿದ ಇನ್ನೊಂದು ಕೈಯ ಬೆರಳಲ್ಲೇ ಫೋನ್ ಕರೆ ತೆಗೆಯಬಹುದು. ತೋರುಬೆರಳು, ಹೆಬ್ಬೆರಳನ್ನು ಎರಡು ಸಲ ತಟ್ಟಿಸಿದರೆ ಆಯಿತು. 2023ರಲ್ಲಿ ಆಪಲ್ ವಾಚ್ ಸೀರೀಸ್ 9ಕ್ಕೆ ಬಂದ ಸೌಲಭ್ಯವಿದು. ಮಾಡಿ ತೋರಿಸುವುದು ಸುಲಭ, ಗೋಡೆಗೆ ಅಂಟಿಸುವ ಚಿತ್ರದಲ್ಲೇ ಎಡವಟ್ಟಾಗುವುದು. ಬೆರಳು ಆಡುವುದು ಒಂದೆರಡು ಸೆಂಟಿಮೀಟರ್ ಅಷ್ಟೆ.

ಮೊದಲು ಕೋನ. ಅಂಗೈಯನ್ನು ನೇರ ಎದುರಿನಿಂದ ಬರೆದರೆ ತಾಗುವ ಜಾಗವನ್ನು ಹೆಬ್ಬೆರಳೇ ಮುಚ್ಚಿಬಿಡುತ್ತದೆ. ಹೆಬ್ಬೆರಳ ಪಕ್ಕದಿಂದ, ತುಸು ಓರೆಯಾಗಿ ಮೊಬೈಲಿನಲ್ಲಿ ಎರಡು ಫೋಟೊ ತೆಗೆಯಿರಿ: ಬೆರಳು ತಾಗಿದಾಗ ಒಂದು, ಬಿಟ್ಟಾಗ ಒಂದು. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಫೋಟೊ ಕೆಳಗಿಟ್ಟು ಮೇಲೆ ಹೊರಗೆರೆ ಎಳೆಯಿರಿ. ಉಗುರು, ಗೆಣ್ಣಿನ ಗೆರೆ ಇರಲಿ. ಎಲ್ಲಿ ತಾಗಬೇಕೆಂದು ಗುರುತು ಸಿಗುವುದು ಅವುಗಳಿಂದಲೇ. ಗೆಣ್ಣು ಎಣಿಸಿ ಲೆಕ್ಕ ಹಾಕುವ ನಮ್ಮವರಿಗೆ ಅದು ಬೇಗ ಹೊಳೆಯುತ್ತದೆ. ಸುಕ್ಕು, ನೆರಳು, ಉಂಗುರ ಬೇಡ.

ಕೈಗೆ ತೆಳು ಬೂದುಗೆರೆ, ಬಾಣಕ್ಕೆ ಅದರ ಎರಡರಷ್ಟು ದಪ್ಪದ ಕಪ್ಪು. ಬಣ್ಣವನ್ನೇ ನಂಬಬೇಡಿ, ಜೆರಾಕ್ಸ್ ಆದ ಮೇಲೆ ಕೆಂಪೂ ಹಸಿರೂ ಒಂದೇ.

ತಟ್ಟುವುದಕ್ಕೆ ತಾಗುವ ಜಾಗದಲ್ಲಿ ಚುಕ್ಕೆ, ಬೆರಳ ತುದಿಯಿಂದ ಅದರತ್ತ ಚಿಕ್ಕ ಬಾಣ. ಸವರುವುದಕ್ಕೆ ಚುಕ್ಕೆ ಆರಂಭದಲ್ಲಿ, ಬಾಣ ಬೆರಳಿನ ಉದ್ದಕ್ಕೂ ಅಂಟಿಕೊಂಡಂತೆ. ಬಾಣ ಬೆರಳಿನಿಂದ ದೂರ ನಿಂತರೆ ಜನ ಇಡೀ ಕೈ ಬೀಸುತ್ತಾರೆ. ಒತ್ತಿ ಹಿಡಿಯುವುದೇ ಎಲ್ಲಕ್ಕಿಂತ ಕಷ್ಟ, ಅಲ್ಲಿ ತೋರಿಸಲು ಚಲನೆಯೇ ಇಲ್ಲ. ಚುಕ್ಕೆಯ ಪಕ್ಕ ಪುಟ್ಟ ಗಡಿಯಾರ ಹಾಕಿ ‘2 ಸೆಕೆಂಡ್’ ಎಂದು ಬರೆದುಬಿಡಿ. ಎರಡು ಸಲ ತಟ್ಟುವುದಕ್ಕೆ ಒಂದರೊಳಗೊಂದು ವೃತ್ತ ಬರೆದರೆ ‘ಜೋರಾಗಿ ಒತ್ತಿ’ ಎಂದು ಓದುವವರುಂಟು. ಎರಡು ಬಾಣ, ಪಕ್ಕದಲ್ಲಿ ‘2 ಸಲ’ ಎಂದಿದ್ದರೆ ಗೊಂದಲವಿಲ್ಲ. ಬಿಟ್ಟಾಗಿನ ಬೆರಳನ್ನು ಚುಕ್ಕೆಗೆರೆಯಲ್ಲಿ ತೋರಿಸಬಹುದು, ತುದಿಗೆಣ್ಣಿನಷ್ಟು ಮಾತ್ರ. ಪೂರ್ತಿ ಬರೆದರೆ ಆರು ಬೆರಳಿನ ಕೈ ಆದೀತು.

ಒಂದು ಚಿತ್ರಕ್ಕೆ ಒಂದೇ ಸನ್ನೆ.

ಅಂಟಿಸುವ ಅಳತೆಯಲ್ಲೇ ಪ್ರಿಂಟ್ ತೆಗೆದು, ಸನ್ನೆ ಗೊತ್ತಿಲ್ಲದ ನಾಲ್ಕೈದು ಜನರಿಗೆ ಏನೂ ಹೇಳದೆ ತೋರಿಸಿ. ‘ಅರ್ಥವಾಯಿತಾ?’ ಎಂದು ಕೇಳಬೇಡಿ, ದಾಕ್ಷಿಣ್ಯಕ್ಕೆ ಹೂಂ ಅಂದುಬಿಡುತ್ತಾರೆ. ಮಾಡಿಸಿ ನೋಡಿ, ತಪ್ಪು ಬೆರಳು ಅಲುಗಿದರೆ ಚುಕ್ಕೆ ಸರಿಯಿಲ್ಲ, ತಪ್ಪು ದಿಕ್ಕಿಗೆ ಹೋದರೆ ಬಾಣ ಸರಿಯಿಲ್ಲ. ವಾಚ್ ಹೆಚ್ಚಾಗಿ ಎಡಗೈಯಲ್ಲಿರುವುದರಿಂದ ಮೊದಲು ಎಡಗೈ ಬರೆಯಿರಿ. ಬಲಗೈಗೆ ಅದನ್ನೇ ಕನ್ನಡಿಯಲ್ಲಿ ಕಂಡಂತೆ ಎಡ-ಬಲ ತಿರುವಿದರಾಯಿತು. ಅಕ್ಷರ, ಅಂಕಿಗಳನ್ನು ಬೇರೆ ಲೇಯರ್‌ನಲ್ಲಿ (ಚಿತ್ರದ ಬೇರೆ ಪದರದಲ್ಲಿ) ಇಟ್ಟಿರದಿದ್ದರೆ ಅವೂ ತಿರುಗುಮುರುಗಾಗುತ್ತವೆ.